ಅಣುಗಳ ಕೈ ಎಣಿಸಿದ ಪಾಲ್ ಫ್ಲೋರಿ

ಮಕ್ಕಳೇ, ಆಟದ ಬಯಲಿನಲ್ಲಿ ನೀವೆಲ್ಲ ಕೈ ಕೈ ಹಿಡಿದು ನಿಂತಿದ್ದೀರಿ ಎಂದುಕೊಳ್ಳಿ. ಪ್ರತಿಯೊಬ್ಬರಿಗೂ ಇರುವುದು ಎರಡೇ ಕೈ. ಒಂದು ಕೈಯಿಂದ ಎಡಗಡೆಯವರನ್ನೂ ಇನ್ನೊಂದರಿಂದ ಬಲಗಡೆಯವರನ್ನೂ ಹಿಡಿದರೆ ಉದ್ದನೆಯ ಸಾಲು ಆಗುತ್ತದೆ. ನಮಗೆ ಮೂರು ಕೈಗಳಿದ್ದರೆ ಏನಾಗುತ್ತಿತ್ತು? ಸಾಲು ಅಲ್ಲಲ್ಲಿ ಕವಲೊಡೆದು, ಕವಲುಗಳು ಒಂದನ್ನೊಂದು ಹಿಡಿದು, ಇಡೀ ಬಯಲು ಒಂದು ಬಲೆಯಾಗುತ್ತಿತ್ತು. ನಡುವೆ ಎಂಟು ಕೈಗಳ ಒಬ್ಬ ನಿಂತು, ಅವನ ಒಂದೊಂದು ಕೈಯಿಂದಲೂ ಒಂದೊಂದು ಸಾಲು ಹೊರಟರೆ? ಆಗ ನೀವು ಆಕಾಶದ ನಕ್ಷತ್ರದ ಚಿತ್ರದಂತೆ ಕಾಣುತ್ತೀರಿ.

ಅಣುಗಳೂ ಹೀಗೆ ಕೈ ಹಿಡಿಯುತ್ತವೆ. ಯಾವ ಅಣುವಿಗೆ ಎಷ್ಟು ಕೈ ಎಂದು ತಿಳಿದರೆ ಸಾಕು, ಸಾಲು ಎಷ್ಟು ಉದ್ದವಾದೀತು, ಬಲೆ ಯಾವಾಗ ಕಟ್ಟೀತು, ನಕ್ಷತ್ರ ಹೇಗೆ ಆದೀತು ಎಂಬುದನ್ನು ಲೆಕ್ಕ ಹಾಕಿ ಹೇಳಬಹುದು ಎಂದು ತೋರಿಸಿದವರು ಅಮೆರಿಕದ ರಸಾಯನ ವಿಜ್ಞಾನಿ ಪಾಲ್ ಜಾನ್ ಫ್ಲೋರಿ. ಅವರ ಕಥೆಯನ್ನು ಈಗ ತಿಳಿಯೋಣ.

ದೈತ್ಯ ಅಣುಗಳು

ನೀರಿನ ಒಂದು ಅಣುವಿನಲ್ಲಿ ಇರುವುದು ಮೂರೇ ಪರಮಾಣುಗಳು. ಆದರೆ ಸೈಕಲ್ಲಿನ ಟ್ಯೂಬು, ನೈಲಾನ್ ಹಗ್ಗ, ಪ್ಲಾಸ್ಟಿಕ್ ಕೊಡ, ಹತ್ತಿಯ ನೂಲು ಇವೆಲ್ಲ ದೈತ್ಯ ಅಣುಗಳಿಂದ ಆದವು. ಸಾವಿರಾರು ಚಿಕ್ಕ ಅಣುಗಳು ಒಂದಕ್ಕೊಂದು ಜೋಡಿಸಿಕೊಂಡು ಇಂತಹ ಒಂದು ಅಣು ಆಗುತ್ತದೆ. ಇದಕ್ಕೆ ಪಾಲಿಮರ್ ಎಂದು ಹೆಸರು. ಗ್ರೀಕ್ ಭಾಷೆಯಲ್ಲಿ ಪಾಲಿ ಎಂದರೆ ಹಲವು, ಮೆರೋಸ್ ಎಂದರೆ ಭಾಗ. ಜೋಡಣೆಗೆ ಬರುವ ಚಿಕ್ಕ ಅಣುವನ್ನು ಮಾನೋಮರ್ ಎನ್ನುತ್ತಾರೆ.

ಇಷ್ಟು ದೊಡ್ಡ ಅಣುಗಳು ಇವೆ ಎಂಬುದನ್ನೇ ಒಂದು ಕಾಲದಲ್ಲಿ ಬಹಳ ವಿಜ್ಞಾನಿಗಳು ಒಪ್ಪುತ್ತಿರಲಿಲ್ಲ. 1920ರಲ್ಲಿ ಜರ್ಮನಿಯ ಹರ್ಮನ್ ಸ್ಟೌಡಿಂಗರ್ ಇವು ನಿಜವಾಗಿಯೂ ಉದ್ದನೆಯ ಸರಪಳಿಗಳು ಎಂದು ವಾದಿಸಿದಾಗ ಅನೇಕರು ಅವರನ್ನು ಟೀಕಿಸಿದರು. ರಸಾಯನ ಶಾಸ್ತ್ರಜ್ಞರಿಗೆ ಸ್ಫಟಿಕವಾಗುವ ಶುದ್ಧ ವಸ್ತುಗಳೆಂದರೆ ಪ್ರೀತಿ. ಪಾತ್ರೆಯ ತಳಕ್ಕೆ ಅಂಟಿ ಕೂರುವ ಗೋಂದಿನಂತಹ ವಸ್ತುಗಳನ್ನು ಕಂಡರೆ ಅವರಿಗೆ ಬೇಸರ. ಅಂಥ ಅಂಟಿನೊಳಗೂ ಅಚ್ಚುಕಟ್ಟಾದ ಗಣಿತವಿದೆ ಎಂದು ನಂಬಿ ಕೆಲಸ ಮಾಡಿದವರು ಫ್ಲೋರಿ.

ಬಾಲ್ಯ ಮತ್ತು ಓದು

ಪಾಲ್ ಫ್ಲೋರಿ 1910ರ ಜೂನ್ 19ರಂದು ಅಮೆರಿಕದ ಇಲಿನಾಯ್ ರಾಜ್ಯದ ಸ್ಟರ್ಲಿಂಗ್ ಎಂಬ ಊರಿನಲ್ಲಿ ಜನಿಸಿದರು. ತಂದೆ ಎಜ್ರಾ ಫ್ಲೋರಿ ಧರ್ಮಬೋಧಕರು ಹಾಗೂ ಶಿಕ್ಷಕರು. ತಾಯಿ ಮಾರ್ತಾ ಮದುವೆಗೆ ಮೊದಲು ಶಾಲೆಯಲ್ಲಿ ಪಾಠ ಹೇಳುತ್ತಿದ್ದರು. ಇಬ್ಬರ ಮನೆತನಗಳೂ ತಲೆತಲಾಂತರದಿಂದ ಬೇಸಾಯ ಮಾಡಿಕೊಂಡು ಬಂದವು. ಆ ಮನೆತನಗಳಲ್ಲಿ ಕಾಲೇಜು ಮೆಟ್ಟಿಲು ಹತ್ತಿದವರಲ್ಲಿ ಈ ತಂದೆ ತಾಯಿಯೇ ಮೊದಲಿಗರು.

ಫ್ಲೋರಿ ಇಂಡಿಯಾನಾ ರಾಜ್ಯದ ಮ್ಯಾಂಚೆಸ್ಟರ್ ಕಾಲೇಜು ಎಂಬ ಚಿಕ್ಕ ಕಾಲೇಜಿಗೆ ಸೇರಿದರು. ಅಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದ ಕಾರ್ಲ್ ಹೋಲ್ ಎಂಬ ಗುರುಗಳು ಈ ಹುಡುಗನಲ್ಲಿ ವಿಜ್ಞಾನದ ಆಸಕ್ತಿ ಹೊತ್ತಿಸಿದರು. 1931ರಲ್ಲಿ ಪದವಿ ಮುಗಿದಾಗ ಮುಂದೆ ಓದಲೇಬೇಕೆಂದು ಹುರಿದುಂಬಿಸಿದವರೂ ಅವರೇ. ಫ್ಲೋರಿ ಒಹಾಯೊ ರಾಜ್ಯ ವಿಶ್ವವಿದ್ಯಾಲಯಕ್ಕೆ ಹೋಗಿ 1934ರಲ್ಲಿ ಡಾಕ್ಟರೇಟ್ ಪಡೆದರು. ಅವರು ಸಂಶೋಧನೆ ಮಾಡಿದ್ದು ನೈಟ್ರಿಕ್ ಆಕ್ಸೈಡ್ ಎಂಬ ಅನಿಲದ ಮೇಲೆ. ಅದರ ಅಣುವಿನಲ್ಲಿ ಇರುವುದು ಎರಡೇ ಪರಮಾಣುಗಳು! ಅಲ್ಲಿಂದ ಅವರು ನೇರವಾಗಿ ದೈತ್ಯ ಅಣುಗಳ ಲೋಕಕ್ಕೆ ಬಂದರು.

ಸರಳ ನಿಯಮದ ಮೇಲೆ ನಂಬಿಕೆ

ಅದು ಅಮೆರಿಕದಲ್ಲಿ ಆರ್ಥಿಕ ಕುಸಿತದ ಕಾಲ. ಕೆಲಸ ಸಿಗುವುದೇ ಕಷ್ಟ. ಫ್ಲೋರಿಗೆ ಡುಪಾಂಟ್ ಕಂಪನಿಯ ಸಂಶೋಧನಾ ವಿಭಾಗದಲ್ಲಿ ಕೆಲಸ ಸಿಕ್ಕಿತು. ಅಲ್ಲಿ ವ್ಯಾಲೇಸ್ ಕರೋದರ್ಸ್ ಎಂಬ ಪ್ರತಿಭಾವಂತ ವಿಜ್ಞಾನಿಯ ತಂಡಕ್ಕೆ ಅವರನ್ನು ಸೇರಿಸಲಾಯಿತು. ಇದೇ ತಂಡ 1935ರಲ್ಲಿ ನೈಲಾನ್ ತಯಾರಿಸಿತು. ಆ ತಂಡದವರು ಹೊಸ ಹೊಸ ಪಾಲಿಮರ್‌ಗಳನ್ನು ಮಾಡುವುದರಲ್ಲಿ ನಿಪುಣರು. ಅವುಗಳ ಹಿಂದಿನ ಗಣಿತವನ್ನು ಹುಡುಕುವ ಕೆಲಸ ಫ್ಲೋರಿಯವರ ಪಾಲಿಗೆ ಬಂತು.

ಸಾಲು ಬೆಳೆದು ಅಣು ದೊಡ್ಡದಾದಷ್ಟೂ ಅದರ ತುದಿಯ ಕೈ ಸೋಮಾರಿಯಾಗುತ್ತದೆ, ಹೊಸಬರನ್ನು ಹಿಡಿಯುವ ಶಕ್ತಿ ಕಡಿಮೆಯಾಗುತ್ತದೆ ಎಂದು ಆಗ ಬಹಳ ಜನ ನಂಬಿದ್ದರು. ದೊಡ್ಡ ಗಾಡಿ ಮೆಲ್ಲಗೆ ತಿರುಗುತ್ತದೆ, ಅಣುವೂ ಹಾಗೇ ಇರಬೇಕು ಎಂಬ ಊಹೆ ಅದು. ಫ್ಲೋರಿ ಇದನ್ನು ಒಪ್ಪಲಿಲ್ಲ. ಸಾಲಿನಲ್ಲಿ ಹತ್ತು ಜನ ಇರಲಿ, ಸಾವಿರ ಜನ ಇರಲಿ, ಕೊನೆಯವನ ಕೈ ಕೈಯೇ. ಅದರ ಶಕ್ತಿ ಸಾಲಿನ ಉದ್ದವನ್ನು ಅವಲಂಬಿಸುವುದಿಲ್ಲ ಎಂಬುದು ಅವರ ನಿಲುವು.

ಈ ಸರಳ ನಿಯಮ ಹಿಡಿದರೆ ಲೆಕ್ಕ ಸುಲಭವಾಯಿತು. ಪ್ರತಿ ಜೋಡಣೆಯೂ ನಾಣ್ಯ ಚಿಮ್ಮಿದಂತೆ, ಸಂಭವನೀಯತೆಯ ಮಾತು. ಹಾಗಾಗಿ ಪಾತ್ರೆಯಲ್ಲಿ ಎಲ್ಲ ಸಾಲುಗಳೂ ಒಂದೇ ಉದ್ದ ಇರುವುದಿಲ್ಲ. ಗಿಡ್ಡ ಸಾಲು ಎಷ್ಟು, ಉದ್ದ ಸಾಲು ಎಷ್ಟು ಎಂಬುದನ್ನು ಫ್ಲೋರಿ 1936ರಲ್ಲಿ ಸೂತ್ರದ ಮೂಲಕ ತೋರಿಸಿದರು. ಆಗ ಅವರಿಗೆ 26 ವರ್ಷ. ಅದೇ ವರ್ಷ ಎಮಿಲಿ ಟೇಬರ್ ಅವರೊಂದಿಗೆ ಮದುವೆಯೂ ಆಯಿತು.

ಬಲೆ ಕಟ್ಟುವ ಕ್ಷಣ

1937ರಲ್ಲಿ ಕರೋದರ್ಸ್ ತೀರಿಕೊಂಡರು. ಮರುವರ್ಷ ಫ್ಲೋರಿ ಕಂಪನಿಯನ್ನು ಬಿಟ್ಟು ಸಿನ್ಸಿನಾಟಿ ವಿಶ್ವವಿದ್ಯಾಲಯದ ಪ್ರಯೋಗಾಲಯಕ್ಕೆ ಹೋದರು. ಅಲ್ಲಿ ಮೂರು ಮತ್ತು ನಾಲ್ಕು ಕೈಗಳ ಅಣುಗಳ ಪ್ರಶ್ನೆಯನ್ನು ಎತ್ತಿಕೊಂಡರು.

ಗ್ಲಿಸರಾಲ್ ಎಂಬ ದ್ರವದ ಅಣುವಿಗೆ ಮೂರು ಕೈಗಳಿವೆ. ಅದನ್ನು ಎರಡು ಕೈಗಳ ಆಮ್ಲದೊಂದಿಗೆ ಕಾಯಿಸಿದರೆ ಮೊದಲು ಪಾಕ ದಪ್ಪವಾಗುತ್ತ ಹೋಗುತ್ತದೆ. ಆಮೇಲೆ ಒಂದು ಹಂತದಲ್ಲಿ ಇದ್ದಕ್ಕಿದ್ದಂತೆ ಗಟ್ಟಿಯಾಗಿ, ಪಾತ್ರೆಯನ್ನು ಬೋರಲು ಹಾಕಿದರೂ ಬೀಳುವುದಿಲ್ಲ. ಅಣುಗಳೆಲ್ಲ ಸೇರಿ ಪಾತ್ರೆಯ ಈ ಅಂಚಿನಿಂದ ಆ ಅಂಚಿನವರೆಗೆ ಒಂದೇ ಬಲೆ ಆಗಿರುತ್ತದೆ. ಇದನ್ನು ಜೆಲ್ ಎನ್ನುತ್ತಾರೆ. ಆ ಕ್ಷಣ ಯಾವಾಗ ಬರುತ್ತದೆ?

ಫ್ಲೋರಿ ಹೀಗೆ ಯೋಚಿಸಿದರು. ಮೂರು ಕೈಗಳ ಅಣುವಿಗೆ ಒಂದು ಕೈಯ ಮೂಲಕ ಬಂದು ತಲುಪಿದಿರಿ ಎಂದುಕೊಳ್ಳಿ. ಮುಂದೆ ಹೋಗಲು ಎರಡು ದಾರಿಗಳಿವೆ. ಆ ಎರಡರಲ್ಲಿ ಸರಾಸರಿ ಒಂದಾದರೂ ಇನ್ನೊಂದು ಮೂರು ಕೈಗಳ ಅಣುವನ್ನು ತಲುಪುತ್ತಿದ್ದರೆ ದಾರಿ ಸಾಗುತ್ತದೆ. ಇಲ್ಲವಾದರೆ ನಿಲ್ಲುತ್ತದೆ. ಎಂದರೆ ಮಿತಿ ಎರಡರಲ್ಲಿ ಒಂದು, ಅಂದರೆ 1/2. ನಾಲ್ಕು ಕೈಗಳಿದ್ದರೆ ಮುಂದಿನ ದಾರಿಗಳು ಮೂರು. ಆಗ ಮಿತಿ 1/3. ಈ ಮಿತಿ ದಾಟಿದ ಕೂಡಲೇ ಬಲೆ ಕಟ್ಟಲು ತೊಡಗುತ್ತದೆ. 1941ರಲ್ಲಿ ಪ್ರಕಟವಾದ ಈ ಲೆಕ್ಕ ಎಷ್ಟು ಸರಳ ನೋಡಿ. ಅಂಟು ಪಾಕದ ಗುಟ್ಟು ಭಿನ್ನರಾಶಿಯಲ್ಲಿ ಅಡಗಿತ್ತು!

ಆಕ್ರನ್‌ನಲ್ಲಿ ಮೂಡಿದ ನಕ್ಷತ್ರ

ಅಷ್ಟರಲ್ಲಿ ಎರಡನೆಯ ಮಹಾಯುದ್ಧ ಬಂತು. ಆಗ್ನೇಯ ಏಷ್ಯಾದ ರಬ್ಬರ್ ತೋಟಗಳು 1942ರ ಹೊತ್ತಿಗೆ ಜಪಾನಿನ ವಶವಾದವು. ಅಮೆರಿಕಕ್ಕೆ ರಬ್ಬರ್ ಬರುವುದು ಬಹುತೇಕ ನಿಂತಿತು. ಟೈರುಗಳಿಗೆ ಕೃತಕ ರಬ್ಬರ್ ಮಾಡಲೇಬೇಕಾಯಿತು. ಫ್ಲೋರಿ ಮೊದಲು ತೈಲ ಕಂಪನಿಯೊಂದರಲ್ಲಿ, 1943ರಿಂದ ಒಹಾಯೊ ರಾಜ್ಯದ ಆಕ್ರನ್ ನಗರದ ಗುಡ್‌ಇಯರ್ ಟೈರ್ ಕಂಪನಿಯ ಪ್ರಯೋಗಾಲಯದಲ್ಲಿ ಕೆಲಸ ಮಾಡಿದರು. ಸುತ್ತ ಎಲ್ಲರಿಗೂ ಟೈರಿನ ಅವಸರ. ಆದರೂ ಅಣುವಿನ ಆಕಾರಕ್ಕೂ ವಸ್ತುವಿನ ಗುಣಕ್ಕೂ ಏನು ಸಂಬಂಧ ಎಂಬ ಮೂಲ ಪ್ರಶ್ನೆಯನ್ನು ಫ್ಲೋರಿ ಬಿಡಲಿಲ್ಲ.

ಈ ಪ್ರಶ್ನೆಗೆ ಉತ್ತರ ಬೇಕಾದರೆ ಆಕಾರ ಖಚಿತವಾಗಿ ಗೊತ್ತಿರುವ ಅಣುಗಳು ಬೇಕು. ಅಡ್ಡಾದಿಡ್ಡಿ ಕವಲೊಡೆದ ಅಣುವಿನಲ್ಲಿ ಕವಲುಗಳನ್ನು ಎಣಿಸುವುದು ಹೇಗೆ? ಫ್ಲೋರಿ ಮತ್ತು ಅವರ ಸಹೋದ್ಯೋಗಿ ಜಾನ್ ಶೇಫ್ಜನ್ ಒಂದು ಜಾಣ ಉಪಾಯ ಮಾಡಿದರು.

ಕ್ಯಾಪ್ರೊಲ್ಯಾಕ್ಟಮ್ ಎಂಬ ಮಾನೋಮರ್ ಇದೆ. ಒಂದು ಬಗೆಯ ನೈಲಾನ್ ಆಗುವುದು ಇದರಿಂದಲೇ. ಇದರ ಅಣು ಉಂಗುರದ ಹಾಗಿದೆ. ಉಂಗುರ ಬಿಚ್ಚಿಕೊಂಡಾಗ ಒಂದು ತುದಿಯಲ್ಲಿ ಆಮ್ಲದ ಕೈ, ಇನ್ನೊಂದು ತುದಿಯಲ್ಲಿ ಅಮೈನ್ ಎಂಬ ಬೇರೆ ಬಗೆಯ ಕೈ ಇರುತ್ತದೆ. ಆಮ್ಲದ ಕೈ ಅಮೈನ್ ಕೈಯನ್ನು ಮಾತ್ರ ಹಿಡಿಯುತ್ತದೆ. ಆಮ್ಲ ಆಮ್ಲವನ್ನು ಹಿಡಿಯುವುದಿಲ್ಲ. ಈ ಮಾತನ್ನು ನೆನಪಿಟ್ಟುಕೊಳ್ಳಿ.

ಈಗ ಇದಕ್ಕೆ ಸ್ವಲ್ಪವೇ ಸ್ವಲ್ಪ, ಎಂಟು ಆಮ್ಲದ ಕೈಗಳಿರುವ ಅಣುವನ್ನು ಬೆರೆಸಿದರು. ಅದರ ಒಂದೊಂದು ಕೈಯೂ ಮಾನೋಮರ್‌ನ ಅಮೈನ್ ಕೈಯನ್ನು ಹಿಡಿಯಿತು. ಆಗ ಹೊರಗೆ ಉಳಿದದ್ದು ಯಾವ ಕೈ? ಆಮ್ಲದ ಕೈ. ಅದು ಮುಂದಿನ ಮಾನೋಮರ್‌ನ ಅಮೈನ್ ಕೈಯನ್ನು ಹಿಡಿಯಿತು. ಹೊರಗೆ ಉಳಿದದ್ದು ಮತ್ತೆ ಆಮ್ಲದ ಕೈಯೇ. ಹೀಗೆ ನಡುವಿನಿಂದ ಎಂಟು ತೋಳುಗಳು ಬೆಳೆದವು. ಪಕ್ಕದಲ್ಲಿ ಇಂತಹುದೇ ಇನ್ನೊಂದು ನಕ್ಷತ್ರ ಬೆಳೆಯುತ್ತಿದ್ದರೂ ಎರಡೂ ಅಂಟಿಕೊಳ್ಳಲಾರವು. ಏಕೆಂದರೆ ಎರಡರ ಹೊರತುದಿಗಳಲ್ಲೂ ಇರುವುದು ಆಮ್ಲದ ಕೈಗಳೇ! ಹಲವು ಕೈಗಳಿದ್ದರೂ ಬಲೆ ಕಟ್ಟಲಿಲ್ಲ. ನಕ್ಷತ್ರಗಳು ಬಿಡಿಬಿಡಿಯಾಗಿಯೇ ಉಳಿದವು. ನಾಲ್ಕು ಕೈಗಳ ಆಮ್ಲವನ್ನು ಬಳಸಿ ನಾಲ್ಕು ತೋಳಿನ ನಕ್ಷತ್ರಗಳನ್ನೂ ಮಾಡಿದರು. ಬಲೆಯ ಗುಟ್ಟು ಕಂಡವರಿಗೆ ಬಲೆಯನ್ನು ತಪ್ಪಿಸುವ ಗುಟ್ಟೂ ಸಿಕ್ಕಿತ್ತು.

ಇನ್ನೊಂದು ಸೊಗಸನ್ನು ಗಮನಿಸಿ. ಒಂದೊಂದು ತೋಳೂ ಆಕಸ್ಮಿಕವಾಗಿ ಬೆಳೆಯುವುದರಿಂದ ಒಂದು ಗಿಡ್ಡ, ಒಂದು ಉದ್ದ ಆಗುತ್ತದೆ. ಆದರೆ ಎಂಟು ತೋಳುಗಳ ಒಟ್ಟು ತೂಕವನ್ನು ನೋಡಿದರೆ ಗಿಡ್ಡಕ್ಕೂ ಉದ್ದಕ್ಕೂ ಸರಿಹೋಗುತ್ತದೆ. ಒಬ್ಬ ಹುಡುಗನ ಅಂಕ ಏರುಪೇರಾದರೂ ಎಂಟು ಜನರ ತಂಡದ ಸರಾಸರಿ ಅಷ್ಟು ಏರುಪೇರಾಗುವುದಿಲ್ಲ, ಅಲ್ಲವೇ? ಹಾಗೆಯೇ ತೋಳು ಹೆಚ್ಚಾದಷ್ಟೂ ನಕ್ಷತ್ರಗಳು ಗಾತ್ರದಲ್ಲಿ ಒಂದನ್ನೊಂದು ಹೆಚ್ಚು ಹೋಲುತ್ತವೆ.

ನಕ್ಷತ್ರದ ಗುಣವೇನು?

ನೀರು ಬೇಗ ಹರಿಯುತ್ತದೆ. ಹರಳೆಣ್ಣೆ ಮೆಲ್ಲಗೆ ಹರಿಯುತ್ತದೆ. ದ್ರವ ಹರಿಯುವುದಕ್ಕೆ ತೋರುವ ಈ ವಿರೋಧವೇ ಸ್ನಿಗ್ಧತೆ. ನೀರಿಗೆ ಸ್ನಿಗ್ಧತೆ ಕಡಿಮೆ, ಹರಳೆಣ್ಣೆಗೆ ಹೆಚ್ಚು. ಪಾಲಿಮರನ್ನು ದ್ರಾವಕದಲ್ಲಿ ಕರಗಿಸಿದಾಗ ಅದರ ಅಣು ದಾರದ ಉಂಡೆಯಂತೆ ಹರಡಿಕೊಂಡು, ಸುತ್ತಲಿನ ದ್ರವದ ಹರಿವಿಗೆ ಅಡ್ಡಿಯಾಗುತ್ತದೆ. ಉಂಡೆ ದೊಡ್ಡದಾದಷ್ಟೂ ಅಡ್ಡಿ ಹೆಚ್ಚು.

ಶೇಫ್ಜನ್ ಮತ್ತು ಫ್ಲೋರಿ ಒಂದೇ ತೂಕದ ಎರಡು ಬಗೆಯ ಅಣುಗಳನ್ನು ಹೋಲಿಸಿದರು. ಒಂದು ನೇರ ಸಾಲು, ಇನ್ನೊಂದು ನಕ್ಷತ್ರ. ನಕ್ಷತ್ರಗಳ ದ್ರಾವಣಕ್ಕೆ ಸ್ನಿಗ್ಧತೆ ಕಡಿಮೆ ಇತ್ತು. ಕಾರಣ ಸ್ಪಷ್ಟ. ನಕ್ಷತ್ರದ ತೋಳುಗಳೆಲ್ಲ ಒಂದೇ ನಡುವಿಗೆ ಕಟ್ಟುಬಿದ್ದಿವೆ. ಅವು ನೇರ ಸಾಲಿನಷ್ಟು ದೂರ ಹರಡಿಕೊಳ್ಳಲಾರವು. 1948ರಲ್ಲಿ ಈ ಸಂಶೋಧನೆ ಪ್ರಕಟವಾಯಿತು. ಮರುವರ್ಷ ಬ್ರೂನೊ ಝಿಮ್ ಮತ್ತು ವಾಲ್ಟರ್ ಸ್ಟಾಕ್‌ಮೇಯರ್ ಎಂಬ ವಿಜ್ಞಾನಿಗಳು ಇದನ್ನು ಗಣಿತದಿಂದ ವಿವರಿಸಿದರು. ಅಣುವಿನ ಹರಡುವಿಕೆಯನ್ನು ಅಳೆಯಲು ಅದರ ತ್ರಿಜ್ಯದ ವರ್ಗದ ಸರಾಸರಿಯನ್ನು ತೆಗೆದುಕೊಳ್ಳುತ್ತಾರೆ. ಅವರ ಲೆಕ್ಕದಂತೆ ನಾಲ್ಕು ಸಮ ತೋಳುಗಳ ನಕ್ಷತ್ರದಲ್ಲಿ ಇದು ಅದೇ ತೂಕದ ನೇರ ಸಾಲಿನ 5/8 ಭಾಗ. ಎಂಟು ತೋಳುಗಳಿದ್ದರೆ ಸುಮಾರು ಮೂರರಲ್ಲಿ ಒಂದು ಭಾಗ.

ಗುರುವಾಗಿ ಫ್ಲೋರಿ

1948ರ ವಸಂತದಲ್ಲಿ ವಿಜ್ಞಾನಿ ಪೀಟರ್ ಡಿಬೈ ಅವರ ಆಹ್ವಾನದ ಮೇಲೆ ಫ್ಲೋರಿ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಉಪನ್ಯಾಸಗಳನ್ನು ಕೊಟ್ಟರು. ಅದೇ ವರ್ಷ ಅಲ್ಲಿಯೇ ಪ್ರಾಧ್ಯಾಪಕರಾದರು. ಆ ಉಪನ್ಯಾಸಗಳು ಬೆಳೆದು 1953ರಲ್ಲಿ ಪಾಲಿಮರ್ ರಸಾಯನಶಾಸ್ತ್ರದ ಒಂದು ದೊಡ್ಡ ಗ್ರಂಥವಾಯಿತು. ಅನೇಕ ತಲೆಮಾರುಗಳ ವಿದ್ಯಾರ್ಥಿಗಳು ಅದನ್ನೇ ಓದಿ ಈ ವಿಷಯವನ್ನು ಕಲಿತರು.

1957ರಲ್ಲಿ ಅವರು ಪಿಟ್ಸ್‌ಬರ್ಗ್ ನಗರದ ಮೆಲನ್ ಸಂಸ್ಥೆಗೆ ಹೋದರು. ಮೂಲ ವಿಜ್ಞಾನದ ದೊಡ್ಡ ಕೇಂದ್ರವನ್ನು ಅಲ್ಲಿ ಕಟ್ಟಬೇಕೆಂಬುದು ಅವರ ಆಸೆ. ಅದಕ್ಕೆ ಬೇಕಾದ ಅವಕಾಶ ಉಳಿಯದಿದ್ದಾಗ 1961ರಲ್ಲಿ ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯ ಸೇರಿದರು. ದೈತ್ಯ ಅಣುಗಳ ಭೌತ ರಸಾಯನಶಾಸ್ತ್ರದಲ್ಲಿ ಮಾಡಿದ ಮೂಲಭೂತ ಸಾಧನೆಗಾಗಿ 1974ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಬಂತು. ಪ್ರಯೋಗ ಮತ್ತು ಗಣಿತ ಎರಡನ್ನೂ ಅವರು ಕೈಬಿಟ್ಟಿರಲಿಲ್ಲ.

ಪ್ರಶಸ್ತಿ ಬಂದ ಮೇಲೆ ಅವರು ಸುಮ್ಮನೆ ಕೂರಲಿಲ್ಲ. ಬೇರೆ ದೇಶಗಳಲ್ಲಿ ತಮ್ಮ ಅಭಿಪ್ರಾಯ ಹೇಳಿದ್ದಕ್ಕಾಗಿ ಶಿಕ್ಷೆಗೆ ಒಳಗಾದ ವಿಜ್ಞಾನಿಗಳ ಪರವಾಗಿ ದನಿ ಎತ್ತಿದರು. ಸೋವಿಯತ್ ಒಕ್ಕೂಟದ ಭೌತವಿಜ್ಞಾನಿ ಆಂದ್ರೇ ಸಖರೋವ್ ಅವರನ್ನು 1980ರಲ್ಲಿ ಮಾಸ್ಕೋದಿಂದ ಗೋರ್ಕಿ ನಗರಕ್ಕೆ ಕಳುಹಿಸಿ ನಿರ್ಬಂಧದಲ್ಲಿ ಇಡಲಾಗಿತ್ತು. ಅವರ ಹೆಂಡತಿ ಎಲೆನಾ ಬಾನರ್ ಅವರಿಗೆ ಚಿಕಿತ್ಸೆಗಾಗಿ ಹೊರದೇಶಕ್ಕೆ ಹೋಗಬೇಕಿತ್ತು, ಅನುಮತಿ ಸಿಕ್ಕಿರಲಿಲ್ಲ. ಆಕೆಯನ್ನು ಕಳುಹಿಸಿ, ಆಕೆ ಮರಳುವವರೆಗೆ ನಾನು ಒತ್ತೆಯಾಳಾಗಿ ಇರುತ್ತೇನೆ ಎಂದು ಫ್ಲೋರಿ ಮುಂದೆ ಬಂದರು. 70 ದಾಟಿದ ನೊಬೆಲ್ ವಿಜ್ಞಾನಿ ಮಾಡಿದ ಈ ಕೆಲಸ ಚಿಕ್ಕದೇ? ಬಾನರ್ ಅವರಿಗೆ ಕೊನೆಗೆ 1985ರ ಡಿಸೆಂಬರ್‌ನಲ್ಲಿ ಹೊರಡಲು ಸಾಧ್ಯವಾಯಿತು. ಅದನ್ನು ನೋಡಲು ಫ್ಲೋರಿ ಇರಲಿಲ್ಲ. ಅದೇ ವರ್ಷ ಸೆಪ್ಟೆಂಬರ್ 9ರಂದು ಕ್ಯಾಲಿಫೋರ್ನಿಯಾದ ಬಿಗ್ ಸರ್ ಎಂಬಲ್ಲಿ ಅವರು ಹೃದಯಾಘಾತದಿಂದ ನಿಧನರಾಗಿದ್ದರು.

ನಾಲ್ಕರಿಂದ 128ಕ್ಕೆ

ಫ್ಲೋರಿಯವರ ನಕ್ಷತ್ರಗಳಲ್ಲಿ ತೋಳುಗಳ ಸಂಖ್ಯೆ ಖಚಿತವಾಗಿತ್ತು, ಆದರೆ ಉದ್ದ ಒಂದೇ ಸಮನಾಗಿರಲಿಲ್ಲ. 1956ರಲ್ಲಿ ಮೈಕೆಲ್ ಶ್ವಾರ್ಟ್ಸ್ ಎಂಬ ವಿಜ್ಞಾನಿ, ಸರಪಳಿಗಳೆಲ್ಲ ಒಟ್ಟಿಗೆ ಬೆಳೆದು, ಮಾನೋಮರ್ ಮುಗಿದ ಮೇಲೂ ತುದಿಯ ಕೈ ಸಾಯದೆ ಕಾಯುತ್ತಿರುವ ವಿಧಾನವನ್ನು ತೋರಿಸಿದರು. ಇವುಗಳನ್ನು ಜೀವಂತ ಪಾಲಿಮರ್ ಎನ್ನುತ್ತಾರೆ. ಹೀಗೆ ಮೊದಲು ಒಂದೇ ಉದ್ದದ ತೋಳುಗಳನ್ನು ಬೆಳೆಸಿ, ಆಮೇಲೆ ನಡುವಿಗೆ ಜೋಡಿಸಬಹುದಾಯಿತು. 1962ರಲ್ಲಿ ಅದೇ ಆಕ್ರನ್ ನಗರದ ವಿಶ್ವವಿದ್ಯಾಲಯದಲ್ಲಿ ಮಾರಿಸ್ ಮಾರ್ಟನ್ ಮತ್ತು ಸಂಗಡಿಗರು ಸಿಲಿಕಾನ್ ಟೆಟ್ರಾಕ್ಲೋರೈಡನ್ನು ನಡುವಾಗಿ ಬಳಸಿ ಪಾಲಿಸ್ಟೈರೀನ್‌ನ ನಾಲ್ಕು ತೋಳಿನ ನಕ್ಷತ್ರಗಳನ್ನು ಕಟ್ಟಿದರು. ಆ ಅಣುವಿಗೆ ನಾಲ್ಕು ಕೈಗಳು! 1993ರ ವೇಳೆಗೆ ಕೆನಡಾದ ಜಾಕ್ ರೂವರ್ಸ್ ಮತ್ತು ಸಂಗಡಿಗರು 64 ಮತ್ತು 128 ತೋಳುಗಳ ನಕ್ಷತ್ರಗಳನ್ನು ಮಾಡಿದ್ದರು. ಅಷ್ಟು ತೋಳುಗಳಾದರೆ ನಡುವಿನ ಹತ್ತಿರ ಜಾಗವೇ ಇರುವುದಿಲ್ಲ. ತೋಳುಗಳು ಒಂದನ್ನೊಂದು ತಳ್ಳಿ ಹೊರಕ್ಕೆ ಚಾಚಿಕೊಳ್ಳುತ್ತವೆ. ಅಣು ಮೆತ್ತನೆಯ ಚೆಂಡಿನಂತೆ ವರ್ತಿಸುತ್ತದೆ.

ವಾಹನಗಳ ಎಂಜಿನ್ ಆಯಿಲ್ ಬಿಸಿಯಾದಾಗ ತೀರ ತೆಳ್ಳಗಾಗದಂತೆ ಅದಕ್ಕೆ ಪಾಲಿಮರ್ ಬೆರೆಸುತ್ತಾರೆ. ಇದಕ್ಕೆ ನಕ್ಷತ್ರ ಪಾಲಿಮರ್‌ಗಳನ್ನೂ ಬಳಸುತ್ತಾರೆ. ಎಂಜಿನ್ನಿನ ಒಳಗಿನ ಜಗ್ಗಾಟಕ್ಕೆ ನೇರ ಸಾಲು ನಡುವೆಯೇ ತುಂಡಾದರೆ ಅರ್ಧ ಅಣು ಹೋದಂತೆ. ನಕ್ಷತ್ರದ ಒಂದು ತೋಳು ಮುರಿದರೆ ಉಳಿದ ತೋಳುಗಳು ಇದ್ದೇ ಇರುತ್ತವೆ.

ನೈಲಾನ್ ಹಗ್ಗ, ಗಟ್ಟಿಯಾದ ಜೆಲ್, ಎಂಟು ತೋಳಿನ ನಕ್ಷತ್ರ ಇವು ನೋಡಲು ಬೇರೆ ಬೇರೆ. ಕೈಗಳನ್ನು ಎಣಿಸಿ, ಸರಳ ನಿಯಮವೊಂದನ್ನು ಹಿಡಿದು, ಅದನ್ನು ಪ್ರಯೋಗದಿಂದ ಪರೀಕ್ಷಿಸಿದರೆ ಮೂರಕ್ಕೂ ಲೆಕ್ಕ ಒಂದೇ ಎಂದು ಫ್ಲೋರಿ ತೋರಿಸಿಕೊಟ್ಟರು.

ಮಾಡಿ ನೋಡಿ

ಬೇಕಾಗುವ ವಸ್ತುಗಳು: ಮೆತ್ತನೆಯ ದಾರ, ಅಳತೆಪಟ್ಟಿ, ಕತ್ತರಿ.

1. 80 ಸೆಂ.ಮೀ. ಉದ್ದದ ಒಂದು ದಾರ ಕತ್ತರಿಸಿ. ಇದು ನೇರ ಸಾಲು.

2. 40 ಸೆಂ.ಮೀ. ಉದ್ದದ ಎರಡು ದಾರಗಳನ್ನು ಕತ್ತರಿಸಿ, ಎರಡರ ನಡುವನ್ನೂ ಸೇರಿಸಿ ಗಂಟು ಹಾಕಿ. ಇದು ನಾಲ್ಕು ತೋಳಿನ ನಕ್ಷತ್ರ.

3. 20 ಸೆಂ.ಮೀ. ಉದ್ದದ ನಾಲ್ಕು ದಾರಗಳನ್ನು ಹಾಗೆಯೇ ನಡುವೆ ಸೇರಿಸಿ ಗಂಟು ಹಾಕಿ. ಇದು ಎಂಟು ತೋಳಿನ ನಕ್ಷತ್ರ.

ಮೂರರಲ್ಲೂ ದಾರದ ಒಟ್ಟು ಉದ್ದ 80 ಸೆಂ.ಮೀ. ಈಗ ಒಂದೊಂದನ್ನೂ ಅಂಗೈಯಲ್ಲಿ ಸಡಿಲವಾಗಿ ಹಿಡಿದು, ಒಂದೇ ಎತ್ತರದಿಂದ ನೆಲಕ್ಕೆ ಬಿಡಿ. ನೆಲದಲ್ಲಿ ಅದರ ಅತಿ ದೂರದ ಎರಡು ಬಿಂದುಗಳ ನಡುವಿನ ಅಂತರವನ್ನು ಅಳೆಯಿರಿ. ಪ್ರತಿಯೊಂದನ್ನೂ ಹತ್ತು ಸಲ ಬಿಟ್ಟು ಸರಾಸರಿ ಕಂಡುಹಿಡಿಯಿರಿ. ಯಾವುದು ಹೆಚ್ಚು ಹರಡಿಕೊಂಡಿತು? ಯಾವುದು ಕಡಿಮೆ? ಪಟ್ಟಿ ಮಾಡಿ ನಿಮ್ಮ ಶಿಕ್ಷಕರಿಗೆ ತೋರಿಸಿ. ಒಂದೇ ಸಲ ಬಿಟ್ಟರೆ ಸಾಲದೇ, ಹತ್ತು ಸಲ ಏಕೆ ಬಿಡಬೇಕು ಎಂಬುದನ್ನೂ ಯೋಚಿಸಿ.